ಗಿಣಿಪಾಠವೆಂಬ ಆರೋಪ

ಬೈಲಹೊಂಗಲದಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿಯಲ್ಲಿ ನಮ್ಮ ಪರಿಚಯದ ಕಥೋಲಿಕ ಹಿರಿಯರೊಬ್ಬರು ತೀರಿಕೊಂಡಿದ್ದರು. ಮನೆಯವರನ್ನು ಮಾತಾಡಿಸಿ ಬರೋಣವೆಂದು ಸಂಜೆ ಹೋದೆವು. ಮಣ್ಣು ಮುಗಿದು ಎರಡು ದಿನವಾಗಿತ್ತು. ಪಡಸಾಲೆಯಲ್ಲಿ ಜಮಖಾನ ಹಾಸಿ ಹೆಂಗಸರು, ಮಕ್ಕಳು, ಓಣಿಯ ನಾಲ್ಕಾರು ಗಂಡಸರು ಕೂತಿದ್ದರು. ಗೋಡೆಗೆ ಮರಿಯಮ್ಮನವರ ಪಟ, ಅದರ ಮುಂದೆ ಒಂದು ಮೇಣದ ಬತ್ತಿ. ತೀರಿಕೊಂಡವರ ಹೆಂಡತಿ, ಎಂಬತ್ತರ ಹತ್ತಿರದ ಅಜ್ಜಿ, ಕೈಯಲ್ಲಿ ಜಪಸರ ಹಿಡಿದು ಪ್ರಾರ್ಥನೆಯ ಮೊದಲರ್ಧ ಹೇಳುತ್ತಿದ್ದರು. ಉಳಿದವರು ಇನ್ನರ್ಧ ಹೇಳಿ ಮುಗಿಸುತ್ತಿದ್ದರು. ಒಂದು ಮಣಿ ಸರಿಯುತ್ತಿತ್ತು. ಮತ್ತೆ ಅದೇ ಮಾತು, ಮತ್ತೆ ಅದೇ ಉತ್ತರ.

ನಾವು ಬಾಗಿಲ ಹತ್ತಿರ ಕೂತೆವು. ಪಕ್ಕದಲ್ಲಿ ನಿಂತಿದ್ದವನು ಆ ಅಜ್ಜಿಯ ಮೊಮ್ಮಗ. ಹುಬ್ಬಳ್ಳಿಯಲ್ಲಿ ನೌಕರಿ, ಅಲ್ಲಿಯ ಒಂದು ಹೊಸ ಪ್ರಾರ್ಥನಾ ಸಭೆಗೆ ಹೋಗುತ್ತಾನೆ. ಅವನು ಒಳಗೆ ಕೂರಲಿಲ್ಲ. ಮೆಲ್ಲಗೆ ನಮ್ಮ ಕಿವಿಯ ಹತ್ತಿರ ಬಂದು, "ಇದರಿಂದ ಏನ್ ಆಗ್ತೈತ್ರಿ ಕಾಕಾ? ಹೇಳಿದ್ದನ್ನ ಹೇಳೋದು. ಯೇಸುಸ್ವಾಮಿನ ಬ್ಯಾಡ ಅಂದಾರ" ಎಂದ.

ನಮಗೆ ಈ ಮಾತು ಹೊಸದಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಕೇಳಿದ್ದೆವು. ಅಬ್ಬಾ ತೀರಿಕೊಂಡ ಮೂರನೆಯ ದಿನ, ಜಿಯಾರತ್‌ಗೆಂದು ಬಂದವರು ಚಾದರದ ಸುತ್ತ ಕೂತು ಕಡಲೆ ಕಾಳು ಒಂದೊಂದಾಗಿ ಸರಿಸುತ್ತ ಕಲಿಮ ಓದುತ್ತಿದ್ದಾಗ, ಹೊರಗೆ ಓದಿ ಬಂದ ನಮ್ಮ ತಂಗಿಯ ಮಗ ಇದೇ ರೀತಿ ಬಾಗಿಲಲ್ಲಿ ನಿಂತು, "ಮಾಮೂ, ಇದಕ್ಕೆ ದಲೀಲ್ ಎಲ್ಲಿದೆ?" ಎಂದಿದ್ದ. ಆ ದಿನ ನಮಗೆ ಸಿಟ್ಟು ಬಂದಿತ್ತು. ಉತ್ತರ ಹೊಳೆದಿರಲಿಲ್ಲ. ಎರಡು ಧರ್ಮದ ಎರಡು ಸಾವಿನ ಮನೆಗಳಲ್ಲಿ, ಎರಡು ಬಾಗಿಲುಗಳಲ್ಲಿ, ಒಂದೇ ಪ್ರಶ್ನೆ. ಹೀಗಿರುವಾಗ ಅದನ್ನು ಹುಡುಗರ ಉದ್ಧಟತನವೆಂದು ತಳ್ಳಿಹಾಕುವುದು ಸರಿಯಲ್ಲ ಎಂದು ಈಗ ಅನ್ನಿಸುತ್ತಿದೆ.

ಮೊದಲು ಆ ಯುವಕ ಹೇಳಿದ ವಾಕ್ಯವನ್ನೇ ನೋಡೋಣ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ, ಪರ್ವತ ಪ್ರಸಂಗದ ನಡುವೆ, ಅನ್ಯಜನರಂತೆ ಬರಿದೇ ಮಾತು ಹೆಚ್ಚಿಸಿ ಪ್ರಾರ್ಥಿಸಬೇಡಿರಿ ಎಂಬ ಅರ್ಥದ ಎಚ್ಚರಿಕೆ ಇದೆ. ಅಲ್ಲಿ ಬರುವ ಗ್ರೀಕ್ ಪದ ಬಲು ಅಪರೂಪದ್ದು. ತೊದಲುವುದು, ಬಡಬಡಿಸುವುದು ಎಂಬ ಕಡೆಗೆ ಅದರ ಧ್ವನಿ. ಅದರ ಕಾರಣವೂ ಅಲ್ಲೇ ಇದೆ: ಮಾತು ಹೆಚ್ಚಾದಷ್ಟು ದೇವರು ಕೇಳುತ್ತಾನೆಂದು ಅವರು ತಿಳಿದಿದ್ದಾರೆ, ಆದರೆ ನಿಮಗೇನು ಬೇಕೆಂಬುದು ನೀವು ಕೇಳುವ ಮೊದಲೇ ಅವನಿಗೆ ಗೊತ್ತು. ಅಂದರೆ ಆಕ್ಷೇಪವಿರುವುದು ಮಾತಿನ ರಾಶಿ ಹಾಕಿ ದೇವರನ್ನು ಒಲಿಸಿಕೊಳ್ಳಬಹುದೆಂಬ ಲೆಕ್ಕಾಚಾರಕ್ಕೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬಾಳನ ಪ್ರವಾದಿಗಳು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒಂದೇ ಕೂಗು ಕೂಗುವ ಪ್ರಸಂಗವಿದೆ. ಎಲೀಯನು ಅವರನ್ನು ಹಾಸ್ಯ ಮಾಡುತ್ತಾನೆ. ಆ ನೆನಪೂ ಈ ಮಾತಿನ ಹಿಂದೆ ಇರಬಹುದು.

ಆದರೆ ಅದೇ ಸುವಾರ್ತೆಯ 26ನೇ ಅಧ್ಯಾಯಕ್ಕೆ ಬನ್ನಿ. ಬಂಧನವಾದ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯೇಸು ಮೂರು ಸಲ ಪ್ರಾರ್ಥಿಸುತ್ತಾರೆ, ಮೂರನೆಯ ಸಲವೂ ಅದೇ ಮಾತುಗಳಲ್ಲಿ ಎಂದು ಮತ್ತಾಯ ಸ್ಪಷ್ಟವಾಗಿ ಬರೆಯುತ್ತಾನೆ. ಕೀರ್ತನೆಗಳ ಪುಸ್ತಕದ 136ನೆಯದರಲ್ಲಿ 26 ಸಾಲುಗಳಿಗೂ ಒಂದೇ ಪಲ್ಲವಿ. ಇನ್ನು ಆ ಎಚ್ಚರಿಕೆಯ ಬೆನ್ನಲ್ಲೇ ಯೇಸು ಕಲಿಸಿಕೊಟ್ಟ ಪುಟ್ಟ ಪ್ರಾರ್ಥನೆ ಎರಡು ಸಾವಿರ ವರ್ಷಗಳಿಂದ ಜಗತ್ತಿನಲ್ಲಿ ಅತ್ಯಂತ ಹೆಚ್ಚು ಸಲ ಹೇಳಲ್ಪಟ್ಟ ಮಾತುಗಳಲ್ಲಿ ಒಂದು. ನಮ್ಮ ಓದುಗರಿಗೆ ಸೂರಃ ಅರ್ರಹ್ಮಾನ್ ನೆನಪಾಗದೆ ಇರದು. 78 ಸೂಕ್ತಗಳಲ್ಲಿ 31 ಸಲ ಒಂದೇ ಪ್ರಶ್ನೆ ತಿರುಗಿ ಬರುತ್ತದೆ. ಫರ್ಝ್ ನಮಾಝಿನ 17 ರಕಅತ್‌ಗಳಲ್ಲಿ ದಿನಕ್ಕೆ 17 ಸಲ ಫಾತಿಹಾ. ಪುನರಾವರ್ತನೆಯನ್ನೇ ತೆಗೆದುಹಾಕಿದರೆ ಇಬ್ಬರಿಗೂ ಉಳಿಯುವುದು ಬಹಳ ಕಡಿಮೆ.

ಆ ಹುಡುಗನ ಆಕ್ಷೇಪಕ್ಕೆ ನಮ್ಮ ಜಿಲ್ಲೆಯಲ್ಲಿ ಹಳೆಯ ಬೇರೂ ಇದೆ. ಬೆಳಗಾವಿಗೆ 1820ರಲ್ಲಿ ಬಂದದ್ದು ಲಂಡನ್ ಮಿಶನ್. 1904ರಲ್ಲಿ ಅವರ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಈ ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಜಪಸರಕ್ಕೆ ಜಾಗವಿಲ್ಲ. ಕಥೋಲಿಕರ ಬೆಳಗಾವಿ ಧರ್ಮಪ್ರಾಂತ ರಚನೆಯಾದದ್ದು 1953ರಲ್ಲಿ. ಹೀಗಾಗಿ ಒಂದೇ ಸಂತೆಗೆ ಬರುವ ಕ್ರೈಸ್ತರಲ್ಲಿ ಮಣಿ ಹಿಡಿಯುವವರೂ ಹಿಡಿಯದವರೂ ಬಹಳ ಹಿಂದಿನಿಂದ ಇದ್ದಾರೆ. ಹೊಸ ಸಭೆಗಳು ದನಿ ಏರಿಸಿವೆ, ಅಷ್ಟೆ.

ಎಣಿಕೆಯ ಚರಿತ್ರೆ ಸ್ವಾರಸ್ಯಕರ. ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ ಪೌಲನೆಂಬ ಸನ್ಯಾಸಿ ದಿನಕ್ಕೆ 300 ಪ್ರಾರ್ಥನೆ ಹೇಳುತ್ತಿದ್ದನಂತೆ. ಲೆಕ್ಕ ತಪ್ಪಬಾರದೆಂದು ಮಡಿಲಲ್ಲಿ 300 ಹರಳು ಇಟ್ಟುಕೊಂಡು ಒಂದೊಂದೇ ಎಸೆಯುತ್ತಿದ್ದ. ನಮ್ಮ ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿಯೂ ಖರ್ಜೂರದ ಬೀಜವನ್ನೋ ಹರಳನ್ನೋ ಮುಂದಿಟ್ಟುಕೊಂಡು ತಸ್ಬೀಹ್ ಎಣಿಸುತ್ತಿದ್ದ ಹೆಂಗಸಿನ ವರದಿಯಿದೆ. ಪ್ರವಾದಿ(ಸ) ಆಕೆಗೆ ಇದಕ್ಕಿಂತ ಸುಲಭವಾದದ್ದನ್ನು ಹೇಳಿಕೊಟ್ಟರು. ವರದಿಯ ಬಲಾಬಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬೆರಳುಗಳಲ್ಲಿ ಎಣಿಸಿರಿ, ನಾಳೆ ಅವು ಸಾಕ್ಷಿ ನುಡಿಯುತ್ತವೆ ಎಂಬ ಅರ್ಥದ ಇನ್ನೊಂದು ವರದಿಯೂ ಇದೆ. ಮಣಿಸರವನ್ನು ಸಮರ್ಥಿಸಿ ಇಮಾಮ್ ಸುಯೂತಿ ಒಂದು ಕಿರುಪುಸ್ತಕವನ್ನೇ ಬರೆಯಬೇಕಾಯಿತು. ಅಂದಮೇಲೆ ನಮ್ಮ ತಂಗಿಯ ಮಗನ ತಕರಾರಿಗೆ ಐದು ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಾಯಿತು!

ಮಣಿಸರ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಿಂದೂ, ಬೌದ್ಧ ಜಪಮಾಲೆಯಿಂದ ಮುಸ್ಲಿಮರಿಗೆ, ಅವರಿಂದ ಕ್ರುಸೇಡ್ ಕಾಲದಲ್ಲಿ ಯುರೋಪಿಗೆ ಎನ್ನುವವರಿದ್ದಾರೆ. ಇದನ್ನೇ ಮುಂದಿಟ್ಟುಕೊಂಡು ಇಟಲಿಯ ವೈದ್ಯರ ತಂಡವೊಂದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಯೋಗ ಪ್ರಕಟಿಸಿತು. 23 ಜನರಿಂದ ಲ್ಯಾಟಿನ್ ಭಾಷೆಯ ಮರಿಯಮ್ಮನ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಹೇಳಿಸಿದಾಗ, ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯಕ್ಕೆ ಅದರಿಂದ ಒಳ್ಳೆಯದಾಯಿತು ಎಂಬುದು ಸಾರಾಂಶ. ಇಂಥ ಸುದ್ದಿ ಸಿಕ್ಕರೆ ಎಲ್ಲ ಧರ್ಮದವರೂ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನಮಗೆ ಇದರಲ್ಲಿ ಹೆಚ್ಚು ಉತ್ಸಾಹವಿಲ್ಲ. ರಕ್ತದೊತ್ತಡ ಇಳಿಯಲೆಂದು ಆ ಅಜ್ಜಿ ಗಂಡನ ಪಟದ ಮುಂದೆ ಕೂತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಮುಸ್ಲಿಂ ಓದುಗರಿಂದ ಮುಚ್ಚಿಡಬಾರದು. ಕಥೋಲಿಕರು ಅಕ್ಟೋಬರ್ 7ರಂದು ಜಪಮಾಲೆಯ ಮಾತೆಯ ಹಬ್ಬ ಆಚರಿಸುತ್ತಾರೆ. 1571ರಲ್ಲಿ ಅದೇ ದಿನ ಲೆಪಾಂಟೊ ಸಮುದ್ರಯುದ್ಧದಲ್ಲಿ ಉಸ್ಮಾನಿ ತುರ್ಕರ ನೌಕಾಪಡೆ ಸೋತಿತು. ಜಪಸರದ ಪ್ರಾರ್ಥನೆಯೇ ಗೆಲ್ಲಿಸಿತೆಂದು ಅಂದಿನ ಪೋಪ್ ಐದನೇ ಪಯಸ್ ನಂಬಿದರು, ಹಬ್ಬ ಹುಟ್ಟಿತು. ನಮ್ಮವರ ಸೋಲಿನ ಸ್ಮಾರಕವಲ್ಲವೇ ಇದು ಎಂದು ಕೇಳಬಹುದು. ಹೌದು. ಆದರೆ ನಾವೂ ಯುದ್ಧಕ್ಕೆ ಹೊರಡುವಾಗ ಮೌನವಾಗಿ ಹೊರಟವರಲ್ಲ. ದೇವನಾಮವನ್ನು ಕತ್ತಿಯ ಹಿಡಿಗೆ ಕಟ್ಟುವ ಅಭ್ಯಾಸ ಒಬ್ಬರದೇ ಸ್ವತ್ತಲ್ಲ. ಆ ಪಡಸಾಲೆಯಲ್ಲಿ ಕೂತ ಯಾರಿಗೂ ಲೆಪಾಂಟೊ ಎಂಬ ಹೆಸರು ತಿಳಿದಿರಲಾರದು.

ಹಾಗಾದರೆ ಆ ಅಜ್ಜಿ ಮಾಡುತ್ತಿದ್ದುದೇನು? ಜಪಸರದ ಕಟ್ಟಡವನ್ನು ತಿಳಿದವರಿಗೆ ಗೊತ್ತು, ಹತ್ತು ಹತ್ತು ಮಣಿಗಳ ಐದು ಗುಂಪು. ಪ್ರತಿ ಗುಂಪಿಗೆ ಯೇಸು ಮತ್ತು ಮರಿಯಮ್ಮನವರ ಬದುಕಿನ ಒಂದು ಘಟನೆ: ದೇವದೂತ ಬಂದದ್ದು, ಹುಟ್ಟಿದ್ದು, ಹೊಡೆತ ತಿಂದದ್ದು, ಶಿಲುಬೆ ಹೊತ್ತದ್ದು, ಎದ್ದು ಬಂದದ್ದು. ಮೊದಲು ಇಂಥ 15 ರಹಸ್ಯಗಳಿದ್ದವು, 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇನ್ನೈದು ಸೇರಿಸಿದರು. ಬಾಯಿ ಪ್ರಾರ್ಥನೆ ಹೇಳುತ್ತಿರುವಾಗ ಮನಸ್ಸು ಆ ಘಟನೆಯ ಮುಂದೆ ಕೂತಿರಬೇಕು. ಹೊರಗೆ ನಿಂತವರಿಗೆ ಕೇಳುವುದು ಬಾಯಿ ಮಾತ್ರ. ಕಿವಿಗೆ ಬಿದ್ದ ಐವತ್ತೂ ಒಂದೇ. ಆದರೆ ಹುಟ್ಟಿನ ಮುಂದೆ ಹೇಳಿದ ಹತ್ತು, ಶಿಲುಬೆಯ ಕೆಳಗೆ ನಿಂತು ಹೇಳಿದ ಹತ್ತು ಒಂದೇ ಆಗಲು ಹೇಗೆ ಸಾಧ್ಯ?

ನಾವು ಕಥೆ ಬರೆಯುವವರು. ಒಂದು ಪುಟದಲ್ಲಿ ಒಂದು ಪದ ಎರಡು ಸಲ ಬಂದರೆ ಸಂಪಾದಕರು ಗೆರೆ ಹಾಕುತ್ತಾರೆ, ನಾವೂ ನಾಚಿಕೊಂಡು ತಿದ್ದುತ್ತೇವೆ. ಅದೇ ಅಭ್ಯಾಸದಿಂದ ಪ್ರಾರ್ಥನೆಯನ್ನೂ ಅಳೆಯುತ್ತೇವೆಯೇನೋ. ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಅಳತೆಗೋಲು ಇದೆ. ಮನ್ಸೂರಿನ ಮಲ್ಲಿಕಾರ್ಜುನರು, ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಹಾಡಿದ ನಾಡು ಇದು. ಅವರ ಹಿಂದೆ ಕೂತು ತಂಬೂರಿ ಮೀಟುವವನು ಗಂಟೆಗಟ್ಟಲೆ ನಾಲ್ಕೇ ತಂತಿಯನ್ನು ಅದೇ ಕ್ರಮದಲ್ಲಿ ಮೀಟುತ್ತಾನೆ. ಅವನನ್ನು ಗಿಣಿಯೆಂದು ಯಾರೂ ಕರೆದದ್ದಿಲ್ಲ. ಅವನು ಒಂದು ಕ್ಷಣ ಕೈ ತೆಗೆದರೆ ಸಭೆಗೆಲ್ಲ ತಿಳಿಯುತ್ತದೆ.

ಇದಕ್ಕಿಂತಲೂ ಹತ್ತಿರದ್ದು ಬೀಸುವ ಕಲ್ಲು. ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇರುವ ಪ್ರಸಂಗ: ಬೀಸಿ ಬೀಸಿ ಕೈಗೆ ಬೊಬ್ಬೆ ಬಂದ ಹಝ್ರತ್ ಫಾತಿಮಾ(ರ) ಒಬ್ಬ ಆಳು ಬೇಕೆಂದು ತಂದೆಯ ಬಳಿ ಹೋದರು. ಆಳು ಸಿಗಲಿಲ್ಲ. ಮಲಗುವ ಮುನ್ನ ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಸಲ ಹೇಳಿಕೊಳ್ಳಿ, ಆಳಿಗಿಂತ ಇದು ಒಳ್ಳೆಯದು ಎಂದರು ಪ್ರವಾದಿ(ಸ). ಚಿಕ್ಕಂದಿನಲ್ಲಿ ಉರ್ದು ಶಾಲೆಯ ದೀನಿಯಾತ್ ಪುಸ್ತಕದಲ್ಲಿ ಇದನ್ನು ಓದಿದಾಗ ನಮಗೆ ಅನ್ಯಾಯವೆಂದೇ ಅನ್ನಿಸಿತ್ತು. ಮಗಳು ಕೇಳಿದ್ದು ಕೈಗೆ ವಿಶ್ರಾಂತಿ, ಕೊಟ್ಟದ್ದು ನಾಲಿಗೆಗೆ ಕೆಲಸ. ಬಡತನದಲ್ಲಿದ್ದ ಬೇರೆಯವರ ಹಕ್ಕು ಮಗಳ ಹಕ್ಕಿಗಿಂತ ಮೊದಲು ಎಂಬ ಹಿನ್ನೆಲೆ ತಿಳಿದದ್ದು ಆಮೇಲೆ. ಆದರೂ ಪ್ರಸಂಗ ಪೂರ್ತಿ ಅರ್ಥವಾದದ್ದು ನಮ್ಮ ದಾದಿ ಬೀಸುವುದನ್ನು ನೆನಪಿಸಿಕೊಂಡಾಗ. ನಸುಕಿನಲ್ಲಿ ಕಲ್ಲು ತಿರುಗುತ್ತಿದ್ದಂತೆ ಆಕೆಯ ಬಾಯಿಯಲ್ಲಿ ಒಂದೇ ಸಾಲು ತಿರುಗುತ್ತಿತ್ತು. ಕೈಯ ಸುತ್ತಿಗೂ ಬಾಯಿಯ ಸುತ್ತಿಗೂ ಒಂದೇ ತಾಳ. ಸುತ್ತು ತಪ್ಪಿದರೆ ಹಿಟ್ಟು ಹೊರಗೆ.

ರಿಚರ್ಡ್ ಈಟನ್ ಎಂಬ ಇತಿಹಾಸಕಾರರು 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಇದರ ಬೇರನ್ನು ತೋರಿಸಿದ್ದಾರೆ. ಆದಿಲಶಾಹಿ ಕಾಲದ ಸೂಫಿಗಳು ದಖನಿ ಭಾಷೆಯಲ್ಲಿ ಚಕ್ಕಿನಾಮಾ, ಚರಖಾನಾಮಾ ಎಂಬ ಸರಳ ಹಾಡುಗಳನ್ನು ಕಟ್ಟಿದರು. ಬೀಸುವ, ನೂಲುವ ಹೆಂಗಸರಿಗಾಗಿ. ಕಲ್ಲಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ಪ್ರತಿ ಸುತ್ತಿಗೂ ದೇವನಾಮ ಬರುವಂತೆ ಮಾಡಿದರು. ಇಸ್ಲಾಮ್ ಈ ಸೀಮೆಯ ಮನೆಗಳ ಒಳಗೆ ಹೋದ ದಾರಿಗಳಲ್ಲಿ ಅಡುಗೆಮನೆಯ ಈ ದಾರಿ ಮುಖ್ಯವಾದದ್ದು ಎಂಬುದು ಅವರ ವಾದ. ಕಿತಾಬು ಓದಲು ಬಾರದವರಿಗೆ, ಮದರಸಾದ ಹೊಸ್ತಿಲು ತುಳಿಯದವರಿಗೆ ಸಿಕ್ಕ ಧರ್ಮ ಇದು. ಕ್ರೈಸ್ತರಲ್ಲಿಯೂ ಹಾಗೆಯೇ. ಮಠದ ಸನ್ಯಾಸಿಗಳು 150 ಕೀರ್ತನೆಗಳನ್ನು ಲ್ಯಾಟಿನ್‌ನಲ್ಲಿ ಓದುತ್ತಿದ್ದರು. ಓದು ಬಾರದ ರೈತರು ಅದರ ಬದಲು ಸಣ್ಣ ಪ್ರಾರ್ಥನೆಯನ್ನು 150 ಸಲ ಹೇಳಿದರು. ಜಪಸರ ಬೆಳೆದದ್ದು ಹೀಗೆ. ಈಗ ಓದು ಕಲಿತ ಮಕ್ಕಳು ಬಾಗಿಲಲ್ಲಿ ನಿಂತು ದಲೀಲ್ ಕೇಳುವಾಗ ಈ ಲೆಕ್ಕವನ್ನೂ ಗಮನಿಸಬೇಕು. ರಾಮದುರ್ಗದ ಕೈಮಗ್ಗದ ಮನೆಗಳಲ್ಲಿ ಬೆಳೆದವರನ್ನು ಕೇಳಿ, ಲಾಳಿ ಎಷ್ಟು ಸಲ ಆಚೆಗೆ ಹೋಗಿ ಈಚೆಗೆ ಬಂದರೆ ಒಂದು ಗೇಣು ಬಟ್ಟೆ ಎಂದು. ನೇಕಾರ ಕಬೀರನೇ ಮಣಿ ತಿರುಗಿಸುವವರನ್ನು ಗೇಲಿ ಮಾಡಿದನಲ್ಲ ಎಂದರೆ ನಿಜ. ಆದರೆ ಅವನು ಗೇಲಿ ಮಾಡಿದ್ದು ಮಣಿ ತಿರುಗಿ ಮನಸ್ಸು ತಿರುಗದವರನ್ನು. ರಾಮನಾಮವನ್ನು ಅವನು ಬಿಟ್ಟವನಲ್ಲ.

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಪಾದ್ರಿಗಳು ಕಟ್ಟಿದ ಸ್ನಾನಿಕ ಅರುಳಪ್ಪನವರ ವಿರಕ್ತಮಠವಿದೆ. ಹೆಸರು ಕೇಳಿದರೆ ಲಿಂಗಾಯತ ಮಠವೆನ್ನಿಸುತ್ತದೆ. ಪಾದ್ರಿಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ ಈ ಸೀಮೆಯ ಸ್ವಾಮಿಗಳಂತೆ ಬಾಳಿದ್ದು ಅಲ್ಲಿಯ ವಿಶೇಷ. ಇದನ್ನು ಮತಾಂತರದ ವೇಷ ಎನ್ನುವವರಿದ್ದಾರೆ. ಭಾರತೀಕರಣವೆಂದರೆ ಮೇಲಿನವರ ಮಡಿಯನ್ನು ಅನುಕರಿಸುವುದೇ ಏಕೆ ಎಂದು ದಲಿತ ಕ್ರೈಸ್ತ ಚಿಂತಕರು ಇಂಥ ಪ್ರಯೋಗಗಳ ಬಗ್ಗೆ ಕೇಳಿದ ಪ್ರಶ್ನೆಗೂ ತೂಕವಿದೆ. ನಮ್ಮನ್ನು ತಡೆದು ನಿಲ್ಲಿಸಿದ್ದು ಮಾತ್ರ ಆ ಹೆಸರು. ಸ್ನಾನಿಕ ಅರುಳಪ್ಪನೆಂದರೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋವಾನ್ನ, ನಮ್ಮ ಹಝ್ರತ್ ಯಹ್ಯಾ(ಅ). ಅವರ ಹುಟ್ಟಿನ ಸುದ್ದಿ ಬಂದಾಗ ಮುದಿ ತಂದೆ ಝಕರಿಯ್ಯಾ(ಅ) ಅವರಿಗೆ ಮೂರು ದಿನ ಜನರೊಡನೆ ಮಾತು ನಿಂತುಹೋಯಿತು ಎಂದು ಕುರ್‌ಆನ್ ಹೇಳುತ್ತದೆ. ಜನರೊಡನೆ ಸನ್ನೆ ಮಾತ್ರ. ಆದರೆ ಅದೇ ದಿನಗಳಲ್ಲಿ ಒಡೆಯನನ್ನು ಹೆಚ್ಚು ಹೆಚ್ಚು ಸ್ಮರಿಸು, ಸಂಜೆ ಮುಂಜಾನೆ ಕೊಂಡಾಡು ಎಂಬ ಆಜ್ಞೆ. ಸುದ್ದಿ ಹೇಳುವ ಮಾತು ಮುಗಿದ ಮೇಲೂ ಉಳಿಯುವ ಇನ್ನೊಂದು ಮಾತಿದೆ ಎಂದಾಯಿತು. ಸಾವಿನ ಮನೆಯಲ್ಲಿ ಹೊಸದಾಗಿ ಹೇಳಲು ಯಾರಲ್ಲಿ ಏನಿರುತ್ತದೆ? ಬಂದವರೆಲ್ಲ ಸಮಾಧಾನದ ಹೊಸ ಹೊಸ ವಾಕ್ಯ ಹುಡುಕಿ ಆಡುತ್ತಿದ್ದರೆ ಆ ಅಜ್ಜಿಗೆ ಎಷ್ಟು ಕಷ್ಟ. ಎಲ್ಲರಿಗೂ ಗೊತ್ತಿರುವ ಹಳೆಯ ಮಾತಾದ್ದರಿಂದಲೇ ಆಕೆ ಅರ್ಧ ಹೇಳಿ ನಿಲ್ಲಿಸಬಹುದು. ಉಳಿದರ್ಧವನ್ನು ಓಣಿ ಎತ್ತಿಕೊಳ್ಳುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನ ಸುಲಭವಾಗುತ್ತಿತ್ತು. ಆದರೆ ಕಿತ್ತೂರಿನಿಂದ ಬೈಲಹೊಂಗಲ ದಾಟಿ ಸವದತ್ತಿಗೆ ಹೋಗುವ ಬಸ್ಸಿನಲ್ಲಿ ಹುಣ್ಣಿಮೆಯ ದಿನಗಳಲ್ಲಿ ಕೂತವರಿಗೆ 'ಉಧೋ ಉಧೋ' ಕೇಳುತ್ತಲೇ ಇರುತ್ತದೆ. ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬರಿಗಾಲಲ್ಲಿ ಎಲ್ಲಮ್ಮನ ಗುಡ್ಡಕ್ಕೆ ನಡೆಯುವ ಬಡವರ ಆ ಕೂಗಿನಲ್ಲಿ ನಮ್ಮ ದಾದಿಯ ಸಾಲಿನಲ್ಲಿದ್ದ ಬಲವೇ ಇದೆ, ಅದರಲ್ಲಿ ಅನುಮಾನವಿಲ್ಲ. ಅದೇ ಗುಡ್ಡದಲ್ಲಿ, ಅದೇ ಕೂಗಿನ ನಡುವೆ, ತಲೆತಲಾಂತರ ಎಳೆಯ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿದರು. ಅದೂ ಮಣಿಯ ಸರವೇ. 1982ರಲ್ಲಿ ಕರ್ನಾಟಕ ಕಾನೂನು ಮಾಡಿ ದೇವದಾಸಿ ಅರ್ಪಣೆಯನ್ನು ನಿಷೇಧಿಸಬೇಕಾಯಿತು. ಮತ್ತೆ ಮತ್ತೆ ಹೇಳಿದ್ದು ಸಹಜವೆನ್ನಿಸುತ್ತದೆ. ಸಹಜವೆನ್ನಿಸಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಜಪದ ಶಕ್ತಿಯೆಂದು ನಾವು ಹೊಗಳುವುದೂ, ಈ ಕ್ರೌರ್ಯವನ್ನು ಅಷ್ಟು ಕಾಲ ಕಣ್ಣಿಗೆ ಬೀಳದಂತೆ ಮಾಡಿದ್ದೂ ಒಂದೇ ಶಕ್ತಿ.

ನಮ್ಮ ಮನೆಯನ್ನೂ ಗುಡಿಸಿಕೊಳ್ಳಬೇಕು. ಕೂಲಿ ಕೊಟ್ಟು ಖತಮ್ ಓದಿಸುವವರು ನಮ್ಮಲ್ಲಿಲ್ಲವೇ? ಬಡ ಮದರಸಾ ಮಕ್ಕಳನ್ನು ಕರೆತಂದು ಒಂದು ಊಟಕ್ಕೆ ಇಷ್ಟು ಓದು ಎಂದು ಮುಗಿಸಿ, ಪುಣ್ಯವನ್ನು ತೀರಿಕೊಂಡವರ ಖಾತೆಗೆ ಜಮಾ ಮಾಡಿದೆವು ಎಂದು ಕೈ ತೊಳೆಯುವುದಿಲ್ಲವೇ? ತೀರಿಕೊಂಡವರ ಸಾಲ ಯಾರಿಗೆ ಎಷ್ಟಿದೆ, ಹೆಣ್ಣುಮಕ್ಕಳ ಪಾಲು ಕೊಟ್ಟಾಯಿತೇ ಎಂದು ಲಕ್ಷ ಕಲಿಮ ಎಣಿಸಿದ ಜಾಗದಲ್ಲಿ ಒಮ್ಮೆಯೂ ಕೇಳುವುದಿಲ್ಲ. ಈಗ ಬೆರಳಿಗೆ ಹಾಕಿಕೊಳ್ಳುವ ಎಣಿಕೆ ಯಂತ್ರವೂ ಬಂದಿದೆ. ಗುಂಡಿ ಒತ್ತುತ್ತ ಗಿರಾಕಿಯೊಡನೆ ಚೌಕಾಸಿ ಮಾಡುವ ಅಂಗಡಿಕಾರರನ್ನು ನಾವು ಕಂಡಿದ್ದೇವೆ. ತಮ್ಮ ನಮಾಝಿನ ಬಗ್ಗೆಯೇ ಎಚ್ಚರವಿಲ್ಲದ ನಮಾಝಿಗಳನ್ನು ಸೂರಃ ಅಲ್‌ಮಾಊನ್ ಎಷ್ಟು ಕಟುವಾಗಿ ಖಂಡಿಸುತ್ತದೆಂಬುದು ಎಲ್ಲರಿಗೂ ಬಾಯಿಪಾಠ. ಬಾಯಿಪಾಠವೇ! ಮತ್ತಾಯನ ಎಚ್ಚರಿಕೆಯೂ ಇದೇ ಕಡೆಗೆ ಬೆರಳು ತೋರಿಸುತ್ತದೆ.

ಅರ್ಥ ತಿಳಿಯದೆ ಹೇಳುವುದರ ಬಗ್ಗೆಯೂ ಒಂದು ಮಾತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಕಥೋಲಿಕರ ಪೂಜೆ ಜನರ ಭಾಷೆಗೆ ಬಂತು. ನಮ್ಮ ನಮಾಝ್ ಅರಬಿಯಲ್ಲೇ ಇರಲಿ, ಅದರಲ್ಲಿ ತಕರಾರಿಲ್ಲ. ಆದರೆ ದಿನಕ್ಕೆ 17 ಸಲ ಹೇಳುವ ಏಳು ವಾಕ್ಯಗಳ ಅರ್ಥವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಒಮ್ಮೆ ಕೇಳಿ ತಿಳಿಯದವರು ನಮ್ಮಲ್ಲಿ ಇನ್ನೂ ಇದ್ದಾರೆಂಬುದು ನಾಚಿಕೆಯ ಸಂಗತಿ. ನಮ್ಮ ದಾದಿಗೆ ಅರ್ಥ ಗೊತ್ತಿರಲಿಲ್ಲ, ಹೇಳಿಕೊಡುವವರಿರಲಿಲ್ಲ. ನಮಗೆ ಆ ನೆಪವಿಲ್ಲ.

ಮನಸ್ಸು ಬೇರೆಲ್ಲೋ ಇರುವಾಗ ನಾಲಿಗೆಯ ಸ್ಮರಣೆಯನ್ನು ನಿಲ್ಲಿಸಿಬಿಡಬೇಕೇ? ಈಜಿಪ್ಟಿನ ಸೂಫಿ ಇಬ್ನ್ ಅತಾಉಲ್ಲಾಹ್ ಬೇಡ ಎನ್ನುತ್ತಾರೆ. ಸ್ಮರಣೆಯೊಳಗಿನ ಮರೆವಿಗಿಂತ ಸ್ಮರಣೆಯನ್ನೇ ಮರೆಯುವುದು ಕೆಟ್ಟದ್ದೆಂದು ಅವರ ಅಭಿಪ್ರಾಯ. ನಾಲಿಗೆಯದು ಹೊರಗಿನ ಸಿಪ್ಪೆ, ಆದರೆ ಸಿಪ್ಪೆಯಿಲ್ಲದೆ ತಿರುಳು ಬೆಳೆಯದು ಎಂಬರ್ಥದಲ್ಲಿ ಇಮಾಮ್ ಗಝಾಲಿಯೂ ವಿವರಿಸಿದ್ದಾರೆ. ಆದರೆ ಮುಸ್ಲಿಮ್ ಸಂಗ್ರಹದ ಇನ್ನೊಂದು ವರದಿ ನಮ್ಮನ್ನು ಎಚ್ಚರಿಸುತ್ತದೆ. ಹಝ್ರತ್ ಜುವೈರಿಯಾ(ರ) ನಸುಕಿನ ನಮಾಝಿನಿಂದ ಬಿಸಿಲೇರುವವರೆಗೆ ಕೂತಲ್ಲೇ ಕೂತು ಸ್ಮರಿಸುತ್ತಿದ್ದರು. ಹೊರಗೆ ಹೋಗಿ ಬಂದ ಪ್ರವಾದಿ(ಸ), ನಾನು ನಾಲ್ಕು ಮಾತು ಮೂರು ಸಲ ಹೇಳಿದೆ, ನೀನು ಹೇಳಿದ್ದೆಲ್ಲಕ್ಕಿಂತ ಅದರ ತೂಕ ಹೆಚ್ಚು ಎಂದರು. ನಾಲ್ಕೇ ಮಾತು, ಆದರೂ ಮೂರು ಸಲ.

ಜಪಸರ ಮುಗಿಯಿತು. ಮೇಣದ ಬತ್ತಿಯನ್ನು ಯಾರೋ ಮಗುವಿನ ಕೈಯಿಂದ ಆರಿಸಿದರು. ಮೊಮ್ಮಗ ಚಹಾ ತಂದು ನಮ್ಮ ಪಕ್ಕದಲ್ಲೇ ಕೂತ. "ನಿಮ್ಮ ಸಭೇದಾಗ ಹೆಂಗ ಮಾಡ್ತೀರಿ ತಮ್ಮಾ?" ಎಂದು ಕೇಳಿದೆವು. "ಹಾಡ್ತೀವ್ರಿ ಕಾಕಾ, ಬಾಳ ಹಾಡ್ತೀವಿ. ಕೀಬೋರ್ಡ್ ಇರ್ತೈತಿ, ಕೈ ಎತ್ತಿಕೋಂತ ಹಾಡೋದು" ಎಂದ. "ಎಷ್ಟ ಹಾಡು?" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜಿಯ ಕಡೆಗೊಮ್ಮೆ ನೋಡಿ ನಕ್ಕುಬಿಟ್ಟ. "ಒಂದೊಂದ ಸಾಲು ಅರ್ಧಾ ತಾಸು ನಡೀತೈತ್ರಿ."